ಒಂದು ಫ್ರೇಮ್, ಒಂದು ಮೀಟರ್: ಟ್ರ್ಯಾಕ್ ರೈಡಿಂಗ್ ವಿಡಿಯೊ ನೋಡುವ ಬಗೆ

ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಶುಲ್ಕ ಕೊಟ್ಟು ಬೈಕು ಓಡಿಸುವ ದಿನ, ಮುಗಿಸಿ ಬಂದವರ ಮೆಮೊರಿ ಕಾರ್ಡಿನಲ್ಲಿ ಗಂಟೆಗಟ್ಟಲೆ ವಿಡಿಯೊ ಇರುತ್ತದೆ. ಅದರಲ್ಲಿ ಮೂವತ್ತು ಸೆಕೆಂಡಿನ ತುಣುಕಿಗೆ ಹಾಡು ಸೇರಿಸಿ ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆ. ಮೊಣಕಾಲು ನೆಲಕ್ಕೆ ತಾಗಿದ ಒಂದು ಚಿತ್ರ ವಾಟ್ಸ್‌ಆ್ಯಪ್ ಡಿಪಿ ಆಗುತ್ತದೆ. ಉಳಿದದ್ದನ್ನು ಯಾರೂ ತೆರೆದು ನೋಡುವುದಿಲ್ಲ. ನೋಡಿದರೂ ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ರೈಡಿಂಗ್ ಸುಧಾರಿಸಬೇಕೆಂದು ವಿಡಿಯೊ ನೋಡುವವರು ಎಣಿಸಬೇಕಾಗುತ್ತದೆ.

ಲೆಕ್ಕ ಸುಲಭವಿದೆ. ಗಂಟೆಗೆ 108 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 30 ಮೀಟರ್. ಸಾಧಾರಣ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಇರುತ್ತವೆ. ಅಂದರೆ ಆ ವೇಗದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬೈಕು ಒಂದು ಮೀಟರ್ ಮುಂದೆ ಹೋಗಿರುತ್ತದೆ. 60 ಫ್ರೇಮಿನಲ್ಲಿ ತೆಗೆದರೆ ಅರ್ಧ ಮೀಟರ್, 120ರಲ್ಲಿ ಕಾಲು ಮೀಟರ್. ‘ಇಲ್ಲೇ ಎಲ್ಲೋ ಬ್ರೇಕ್ ಹಿಡಿದೆ’ ಎನ್ನುವ ಅಂದಾಜಿಗೂ ‘ತಿರುವಿಗೆ ಮುಂಚಿನ ಬೋರ್ಡ್ ದಾಟಿ ಹನ್ನೊಂದು ಫ್ರೇಮ್ ಆದಮೇಲೆ ಹಿಡಿದೆ’ ಎನ್ನುವ ಮಾತಿಗೂ ಇರುವ ಅಂತರ ಇದು. ವಿಡಿಯೊ ನಂಬಿಕಸ್ಥವಾಗಿ ಉತ್ತರ ಕೊಡುವ ಪ್ರಶ್ನೆಗಳು ಎರಡೇ: ಯಾವಾಗ, ಎಲ್ಲಿ. ‘ಎಷ್ಟು’ ಎಂದು ಕೇಳಿದರೆ ಅದು ತಡವರಿಸುತ್ತದೆ, ಕೆಲವೊಮ್ಮೆ ಸುಳ್ಳನ್ನೂ ಹೇಳುತ್ತದೆ.

ಕರ್ನಾಟಕದ ರೈಡರ್‌ಗಳಿಗೆ ಈ ಲೆಕ್ಕದ ಉಪಯೋಗ ತುಸು ಹೆಚ್ಚೇ. ಬೆಂಗಳೂರಿನವರು ಟ್ರ್ಯಾಕ್ ಎಂದರೆ ಸಾಮಾನ್ಯವಾಗಿ ಹೊರಡುವುದು ಚೆನ್ನೈ ದಾರಿ ಹಿಡಿದು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಗೆ, ಇಲ್ಲವೇ ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇಗೆ. ಇರುಂಗಾಟ್ಟುಕೋಟ್ಟೈನ ಟ್ರ್ಯಾಕು ಸುಮಾರು 3.7 ಕಿ.ಮೀ. ಉದ್ದ, ಹನ್ನೆರಡು ತಿರುವು. ಕಾರಿ ಅದಕ್ಕಿಂತ ಚಿಕ್ಕದು, ಎರಡು ಕಿ.ಮೀ.ಗೆ ಸ್ವಲ್ಪ ಮೇಲೆ. ಹೋಗಿಬರುವ ಖರ್ಚು, ಟೈರು, ಪೆಟ್ರೋಲು, ಟ್ರ್ಯಾಕಿನ ಶುಲ್ಕ ಎಲ್ಲ ಸೇರಿದರೆ ಒಂದು ದಿನದ ಆಟ ದುಬಾರಿಯೇ. ಆ ದಿನದಲ್ಲೂ ಬೈಕಿನ ಮೇಲೆ ಕೂರುವುದು ತುಂಡು ತುಂಡು ಸೆಷನ್‌ಗಳಲ್ಲಿ. ಉಳಿದ ಹೊತ್ತೆಲ್ಲ ಬೈಕು ನಿಲ್ಲಿಸುವ ಜಾಗವಾದ ಪ್ಯಾಡಕ್‌ನಲ್ಲಿ ಬೆವರೊರೆಸುತ್ತ, ಮಜ್ಜಿಗೆ ಕುಡಿಯುತ್ತ ಕೂರುವುದು. ವಿಡಿಯೊಗೆ ಹೇಳಿ ಮಾಡಿಸಿದ ಸಮಯ ಅದು. ದೇಹಕ್ಕೆ ಈಗಷ್ಟೇ ಆದ ಅನುಭವ ಇನ್ನೂ ನೆನಪಿರುತ್ತದೆ, ಮುಂದಿನ ಸೆಷನ್ನು ಹತ್ತಿರದಲ್ಲೇ ಇರುತ್ತದೆ. ಊರಿಗೆ ಬಂದು ವಾರದ ಮೇಲೆ ನೋಡಿದರೆ ಈ ಎರಡೂ ಇರುವುದಿಲ್ಲ.

ಕ್ಯಾಮೆರಾ ಹೇಳುವ ಸುಳ್ಳುಗಳನ್ನು ಮೊದಲೇ ತಿಳಿದಿರಬೇಕು. ಆ್ಯಕ್ಷನ್ ಕ್ಯಾಮೆರಾಗಳ ಲೆನ್ಸು ತೀರಾ ಅಗಲ. ಅಂಚಿನಲ್ಲಿ ಕಾಣುವ ಹುಲ್ಲು, ಕರ್ಬ್ (ಟ್ರ್ಯಾಕಿನ ಅಂಚಿನ ಬಣ್ಣದ ಕಟ್ಟೆ) ಎಲ್ಲ ಸುಯ್ಯನೆ ಹಿಂದೆ ಓಡುವುದರಿಂದ ವೇಗ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ನಡುವೆ ಇರುವ ತಿರುವು ಮಾತ್ರ ಇರುವುದಕ್ಕಿಂತ ದೂರ, ಚಪ್ಪಟೆ. ಏರಿಳಿತ ಕಾಣುವುದೇ ಇಲ್ಲ. ಹಾಗಾಗಿ ಬೇರೆಯವರ ಆನ್‌ಬೋರ್ಡ್ ವಿಡಿಯೊ, ಅಂದರೆ ಬೈಕಿಗೇ ಕಟ್ಟಿದ ಕ್ಯಾಮೆರಾದ ವಿಡಿಯೊ, ನೋಡಿ ‘ಇವನು ಅಲ್ಲಿಯವರೆಗೂ ಬ್ರೇಕ್ ಹಿಡಿಯುವುದಿಲ್ಲವಲ್ಲ’ ಎಂದು ಬೆರಗಾಗುವಾಗ ಜೋಕೆ. ದೂರವನ್ನು ಕಣ್ಣಳತೆಯಲ್ಲಿ ತೆಗೆದುಕೊಳ್ಳದೆ, ಬೋರ್ಡು, ಡಾಂಬರಿನ ತೇಪೆ, ಕರ್ಬಿನ ಬಣ್ಣದ ಪಟ್ಟಿ ಇಂಥ ನಿಂತ ಗುರುತುಗಳಿಂದಲೇ ತೆಗೆದುಕೊಳ್ಳಬೇಕು.

ಎರಡನೆಯ ಸುಳ್ಳು ಸ್ಟೆಬಿಲೈಸೇಷನ್‌ನದು. ಈಗಿನ ಕ್ಯಾಮೆರಾಗಳು ಅಲುಗಾಟವನ್ನೆಲ್ಲ ನುಂಗಿ ಬೆಣ್ಣೆಯಂಥ ವಿಡಿಯೊ ಕೊಡುತ್ತವೆ. ನೋಡಲು ಚೆಂದ, ಕಲಿಯಲು ಕೆಡುಕು. ತಿರುವಿನ ಮಧ್ಯೆ ಹ್ಯಾಂಡಲನ್ನು ಎರಡು ಸಲ ತಿದ್ದಿದ್ದು, ಬ್ರೇಕ್ ಬಿಟ್ಟ ಕೂಡಲೇ ಮುಂಭಾಗ ಎಗರಿದ್ದು ಇವೆಲ್ಲ ಆ ಅಲುಗಾಟದಲ್ಲೇ ಅಡಗಿರುತ್ತವೆ. ಅದನ್ನು ಆಫ್ ಮಾಡಿಯೇ ತೆಗೆಯಿರಿ. ದಿಗಂತವನ್ನು ಸದಾ ಅಡ್ಡಗೆರೆಯಾಗಿ ಹಿಡಿದಿಡುವ ಹೊರೈಜನ್ ಲಾಕ್ ಕೂಡ ಆಫ್ ಆಗಿರಲಿ. ಅದು ಆಫ್ ಇದ್ದು ಕ್ಯಾಮೆರಾ ಬೈಕಿಗೆ ಗಟ್ಟಿಯಾಗಿ ಅಂಟಿದ್ದರೆ, ಚಿತ್ರದ ನಡುಭಾಗದಲ್ಲಿ ದಿಗಂತ ಎಷ್ಟು ಓರೆಯಾಗಿದೆಯೋ ಹೆಚ್ಚುಕಡಿಮೆ ಅಷ್ಟೇ ಬೈಕು ವಾಲಿದೆ ಎಂದರ್ಥ. ಅಂಚಿನಲ್ಲಿ ಅಳೆಯಬೇಡಿ, ಅಗಲ ಲೆನ್ಸು ಅಲ್ಲಿ ಗೆರೆಯನ್ನೇ ಬಗ್ಗಿಸಿರುತ್ತದೆ.

ವಾಲುವಿಕೆಯ ಮಾತು ಬಂದಿದ್ದರಿಂದ ಒಂದು ಪಕ್ಕದ ಮಾತು. ಲೀನ್ ಆ್ಯಂಗಲ್ ಮೇಲೆ ನಮ್ಮ ಹುಡುಗರಿಗಿರುವ ಮೋಹ ಅತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ. ಮೋಟೊಜಿಪಿ ಬೈಕ್ ರೇಸಿನಲ್ಲಿ 60 ಡಿಗ್ರಿ ದಾಟುತ್ತಾರೆ, ನಿಜ. ಆದರೆ ಭೌತಶಾಸ್ತ್ರ ಹೇಳುವುದೇ ಬೇರೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬೈಕು ಮತ್ತು ಸವಾರನ ಒಟ್ಟು ಭಾರಕೇಂದ್ರ 45 ಡಿಗ್ರಿ ವಾಲಿದರೆ ವೇಗ ಗಂಟೆಗೆ ಸುಮಾರು 80 ಕಿ.ಮೀ. ಸವಾರ ಒಳಕ್ಕೆ ಸರಿದು ಕೂತರೆ ಅದೇ ವೇಗಕ್ಕೆ ಬೈಕು ಕಡಿಮೆ ವಾಲಿದರೂ ಸಾಕು, ಟೈರಿಗೆ ಅಷ್ಟು ಉಸಿರು ಉಳಿಯುತ್ತದೆ. ಒಂದೇ ತಿರುವು, ಒಂದೇ ಸಮಯ, ಆದರೆ ಒಬ್ಬನ ಬೈಕು ಹೆಚ್ಚು ವಾಲಿದೆ ಎಂದರೆ ಸಾಮಾನ್ಯವಾಗಿ ಅವನು ಕೌಶಲದಲ್ಲಿ ಹಿಂದುಳಿದಿದ್ದಾನೆಂದೇ ಅರ್ಥ. ಡಿಪಿ ಫೋಟೊಗಳು ಇದನ್ನು ಹೇಳುವುದಿಲ್ಲ.

ಕ್ಯಾಮೆರಾವನ್ನು ಎಲ್ಲಿ ಕಟ್ಟಬೇಕು? ಹೆಚ್ಚಿನವರು ಮುಂದೆ ಕಟ್ಟುತ್ತಾರೆ, ರಸ್ತೆ ಕಾಣಲೆಂದು. ಲೈನ್ (ತಿರುವಿನಲ್ಲಿ ಬೈಕು ಹಿಡಿಯುವ ದಾರಿ) ನೋಡಲು ಅದು ಸಾಕು, ಆದರೆ ಸವಾರನೇ ಅದರಲ್ಲಿ ಇರುವುದಿಲ್ಲ. ನನ್ನ ಮೊದಲ ಆಯ್ಕೆ ಬಾಲದ ತುದಿ, ಮುಂದಕ್ಕೆ ನೋಡುವ ಹಾಗೆ, ಸೀಟಿಗಿಂತ ತುಸು ಮೇಲೆ. ಸೊಂಟ, ಬೆನ್ನು, ಭುಜ, ಹೆಲ್ಮೆಟ್ಟು, ಅದರಾಚೆಗೆ ತಿರುವು ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತವೆ. ಸಿಂಗಲ್ ಸಿಲಿಂಡರಿನ ಬೈಕುಗಳಲ್ಲಿ, ಅಂದರೆ ಆರ್‌ಸಿ 390, ಅಪಾಚೆ ಆರ್‌ಆರ್ 310, ಆರ್15 ಇಂಥವುಗಳಲ್ಲಿ, ಬಾಲದಲ್ಲಿ ನಡುಕ ಜಾಸ್ತಿ, ಚಿತ್ರ ಜೆಲ್ಲಿಯಂತೆ ಅಲ್ಲಾಡಬಹುದು. ಉದ್ದ ತೋಳಿನ ಮೌಂಟ್ ಬಿಟ್ಟು, ಮೈಗೆ ಹತ್ತಿ ಕೂರುವ ಚಿಕ್ಕ ಮೌಂಟ್ ಹಾಕಿದರೆ ಅದು ಬಹುಪಾಲು ತಗ್ಗುತ್ತದೆ. ಅಂಟಿಸುವ ಮೌಂಟಾದರೆ ಹಿಂದಿನ ದಿನವೇ ಜಾಗ ಒರೆಸಿ ಅಂಟಿಸಿರಬೇಕು, ಬೆಳಗ್ಗೆ ಟ್ರ್ಯಾಕಿನಲ್ಲಿ ಅಂಟಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಕೈಕೊಡುತ್ತದೆ. ಜೊತೆಗೆ ಒಂದು ಗಟ್ಟಿ ದಾರ ಅಥವಾ ಸಣ್ಣ ತಂತಿಯಿಂದ ಕ್ಯಾಮೆರಾವನ್ನು ಬೈಕಿನ ಫ್ರೇಮಿಗೆ ಕಟ್ಟಲೇಬೇಕು. ಬಿಚ್ಚಿ ಬಿದ್ದ ಕ್ಯಾಮೆರಾ ಹಿಂದೆ ಬರುವವನ ಮುಂದಿನ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆಂದು ಹೇಳಬೇಕಿಲ್ಲ. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಕೂರಿಸಲು ಅನೇಕ ಆಯೋಜಕರು ಬಿಡುವುದಿಲ್ಲ, ಬೀಳುವಾಗ ಅದು ಹೆಲ್ಮೆಟ್ಟಿಗೇ ಅಪಾಯ. ಕೆಲವೆಡೆ ಕ್ಯಾಮೆರಾಕ್ಕೇ ಅನುಮತಿ ಬೇಕು. ಬೈಕು ಪರೀಕ್ಷಿಸುವ ಹೊತ್ತಿನಲ್ಲೇ ಕೇಳಿಬಿಡುವುದು ಒಳ್ಳೆಯದು.

ಬೇಲಿಯಾಚೆ ನಿಂತ ಗೆಳೆಯನ ಫೋನೂ ಕಡಿಮೆಯದೇನಲ್ಲ. ಆದರೆ ಅವನು ಬೈಕಿನ ಹಿಂದೆ ಫೋನು ತಿರುಗಿಸುತ್ತ ಹೋಗಬಾರದು. ಟ್ರೈಪಾಡ್ ಮೇಲೆ ನಿಲ್ಲಿಸಿ, ಒಂದೇ ತಿರುವಿಗೆ ಗುರಿಯಿಟ್ಟು, ಸೆಷನ್ ಮುಗಿಯುವವರೆಗೆ ಕೈ ಹಚ್ಚದೆ ಬಿಡಲಿ. ಹಿನ್ನೆಲೆ ಕದಲುವುದಿಲ್ಲವಾದ್ದರಿಂದ ಬೇರೆ ಬೇರೆ ಲ್ಯಾಪುಗಳನ್ನು (ಸುತ್ತುಗಳನ್ನು) ಒಂದರ ಮೇಲೊಂದು ಇಟ್ಟು ನೋಡಬಹುದು. ಲೈನ್ ಒಂದಡಿ ಸರಿದರೂ ಕಣ್ಣಿಗೆ ಬೀಳುತ್ತದೆ. ತಿರುವಿನ ಹೊರದಾರಿಯ ಕಡೆಯಿಂದ ಎದುರುಮುಖವಾಗಿ ತೆಗೆದರೆ ಸೊಂಟ, ಎದೆ, ತಲೆ ಒಂದೇ ಸಾಲಿನಲ್ಲಿವೆಯೋ ಇಲ್ಲವೋ ಗೊತ್ತಾಗುತ್ತದೆ. ಪಕ್ಕದಿಂದ ತೆಗೆದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು, ಕಾಣುತ್ತದೆ. ಇದು ನಾನು ಬಹಳ ಮೆಚ್ಚುವ ಕೋನ. ಟ್ರ್ಯಾಕಿಗಿಳಿಯುವ ಮುನ್ನ ಲೈಟುಗಳಿಗೆಲ್ಲ ಟೇಪ್ ಹಚ್ಚಿಸುವುದು ವಾಡಿಕೆ, ಹಾಗಾಗಿ ಬ್ರೇಕ್ ಲೈಟಿನ ಸುಳಿವು ಸಿಗುವುದಿಲ್ಲ. ಫೋರ್ಕೇ ಆ ಕೆಲಸ ಮಾಡುತ್ತದೆ. ಬ್ರೇಕ್ ಹಿಡಿದಾಗ ಅದು ಕುಗ್ಗುತ್ತದೆ, ಬಿಟ್ಟಾಗ ಏಳುತ್ತದೆ. ನಿಧಾನ ಎದ್ದರೆ ಬ್ರೇಕನ್ನು ನಯವಾಗಿ ಬಿಟ್ಟಿದ್ದೀರಿ. ಎರಡು ಮೂರು ಫ್ರೇಮಿನಲ್ಲಿ ಚಿಮ್ಮಿದರೆ, ಬೈಕನ್ನು ವಾಲಿಸುವ ಹೊತ್ತಿಗೇ ಮುಂದಿನ ಟೈರಿನ ಮೇಲಿನ ಭಾರವನ್ನು ಕಿತ್ತುಕೊಂಡಿದ್ದೀರಿ.

ಸೆಟ್ಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಕೆ ಬೇಡ, 1080ಪಿಯಲ್ಲಿ 60 ಫ್ರೇಮ್ ಸಾಕು. ಶಟರ್ ವೇಗ ಮಾತ್ರ ಹೆಚ್ಚಿರಲಿ: ಸೆಕೆಂಡಿನ 60ನೇ ಒಂದು ಭಾಗದಷ್ಟು ಶಟರ್ ತೆರೆದಿದ್ದರೆ ಆ ಗಂಟೆಗೆ 108 ಕಿ.ಮೀ.ನಲ್ಲಿ ನೆಲ ಅರ್ಧ ಮೀಟರ್ ಜರುಗಿ ಚಿತ್ರ ಕಲಸಿಹೋಗುತ್ತದೆ, ಸಾವಿರನೇ ಒಂದು ಭಾಗವಾದರೆ ಮೂರು ಸೆಂಟಿಮೀಟರ್ ಅಷ್ಟೇ.

ಈಗ ನೋಡುವ ಕೆಲಸ. ಇಡೀ ಲ್ಯಾಪ್ ಬೇಡ, ಒಂದು ತಿರುವು ತೆಗೆದುಕೊಳ್ಳಿ. ನಿಮಗೆ ಇಷ್ಟವಾಗದ, ಪ್ರತಿ ಸಲವೂ ಬೇರೆ ಥರ ಹೋಗುವ ತಿರುವಾದರೆ ಇನ್ನೂ ಒಳ್ಳೆಯದು. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಇ’ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎರಡು ವಿಡಿಯೊಗಳನ್ನು ಪಕ್ಕಪಕ್ಕ ಇಟ್ಟು, ಕೋನ, ಸಮಯ ಎರಡನ್ನೂ ಅಳೆಯಬಹುದು.

ಮೊದಲು ಹೆಲ್ಮೆಟ್ಟನ್ನಷ್ಟೇ ನೋಡಿ, ಬೇರೇನೂ ಬೇಡ. ಬಾಲದ ಕ್ಯಾಮೆರಾದಲ್ಲಿ ತಲೆ ತಿರುವಿನ ಒಳಗಿಗೆ ಹೊರಳುವ ಮೊದಲ ಫ್ರೇಮ್ ಯಾವುದು ಎಂದು ಗುರುತಿಸಿ. ಆಮೇಲೆ ದಿಗಂತ ಓರೆಯಾಗಲು ಶುರುವಾಗುವ ಮೊದಲ ಫ್ರೇಮ್ ಗುರುತಿಸಿ. ಹೊಸ ಸವಾರರಲ್ಲಿ ಪದೇ ಪದೇ ಕಾಣುವುದು ಒಂದೇ ಚಿತ್ರ: ಬೈಕು ವಾಲಲು ತೊಡಗಿದ ಮೇಲೆ ತಲೆ ಹೊರಳುತ್ತದೆ. ಕೇಳಿದರೆ ‘ನಾನು ಅಪೆಕ್ಸನ್ನು (ತಿರುವಿನ ಒಳಅಂಚಿನ ಬಿಂದುವನ್ನು) ಮೊದಲೇ ನೋಡಿದ್ದೆ’ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ. ಗಂಟೆಗೆ 90 ಕಿ.ಮೀ.ನಲ್ಲಿ ಸೆಕೆಂಡಿಗೆ 25 ಮೀಟರ್ ಹೋಗುತ್ತೇವೆ. ನೋಟ ಅರ್ಧ ಸೆಕೆಂಡ್ ತಡವಾದರೆ ಹನ್ನೆರಡೂವರೆ ಮೀಟರನ್ನು ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆಯೇ ಕಳೆದಂತೆ. ಆ ಗೊಂದಲವೇ ಮುಂದೆ ಹ್ಯಾಂಡಲ್ ತಿದ್ದುವಿಕೆಯಾಗಿ, ಮಧ್ಯದಲ್ಲಿ ಥ್ರಾಟಲ್ (ಆಕ್ಸಿಲರೇಟರ್) ಮುಚ್ಚುವುದಾಗಿ, ಹೊರಗೆ ಹರಿದುಹೋಗುವ ಲೈನಾಗಿ ಕಾಣಿಸಿಕೊಳ್ಳುತ್ತದೆ. ಮೂಲ ನೋಟದಲ್ಲಿರುವಾಗ ಕೈಯನ್ನು ತಿದ್ದಲು ಹೊರಟರೆ ಫಲವಿಲ್ಲ. ಒಂದು ಎಚ್ಚರಿಕೆ: ಹೆಲ್ಮೆಟ್ಟು ಹೊರಳದೆ ಕಣ್ಣಷ್ಟೇ ಹೊರಳಿರಲೂಬಹುದು, ಅದು ವಿಡಿಯೊಗೆ ಕಾಣುವುದಿಲ್ಲ. ಹಾಗಾಗಿ ಒಂದು ಲ್ಯಾಪ್ ನೋಡಿ ತೀರ್ಪು ಕೊಡದೆ ಐದಾರು ಲ್ಯಾಪಿನ ಅದೇ ತಿರುವು ನೋಡಿ.

ಎರಡನೆಯ ಸುತ್ತಿಗೆ ದೇಹ. ಇಲ್ಲಿ ಒಂದು ವಿಚಿತ್ರ ಭಂಗಿ ಬಹಳ ಕಾಣಸಿಗುತ್ತದೆ. ಸೊಂಟ ಸೀಟಿನಿಂದ ಅರ್ಧ ಒಳಕ್ಕೆ ಇಳಿದಿದೆ, ಮೊಣಕಾಲು ಚಾಚಿದೆ, ಆದರೆ ಎದೆ ಮತ್ತು ತಲೆ ಟ್ಯಾಂಕಿನ ಹೊರಬದಿಗೇ ತಿರುಚಿಕೊಂಡಿವೆ. ಕೆಳಗಿನ ಅರ್ಧ ಒಳಕ್ಕೆ, ಮೇಲಿನ ಅರ್ಧ ಹೊರಕ್ಕೆ. ಸವಾರನಿಗೆ ತಾನು ಪೂರಾ ಇಳಿದು ಕೂತಿದ್ದೇನೆ ಅನ್ನಿಸುತ್ತಿರುತ್ತದೆ, ಭಾರ ಮಾತ್ರ ಹೆಚ್ಚೇನೂ ಸರಿದಿರುವುದಿಲ್ಲ. ಫ್ರೇಮ್ ನಿಲ್ಲಿಸಿ ಹೆಲ್ಮೆಟ್ಟಿನ ನಡುವಿನಿಂದ ಬಾಲದ ನಡುವಿಗೆ ಒಂದು ಗೆರೆ ಎಳೆದರೆ ವಾದಕ್ಕೆ ಜಾಗವಿರುವುದಿಲ್ಲ. ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಸೀಟಿನಲ್ಲಿ ತೀರಾ ಮುಂದೆ, ಟ್ಯಾಂಕಿಗೆ ಒತ್ತಿ ಕೂತಿರುವುದು, ಇಲ್ಲವೇ ಹೊರಗಿನ ತೊಡೆ ಟ್ಯಾಂಕನ್ನು ಹಿಡಿಯದೆ ದೇಹವೆಲ್ಲ ಕೈಗಳಿಂದ ನೇತಾಡುತ್ತಿರುವುದು. ಹೊರಗಿನ ಮೊಣಕಾಲು ಮತ್ತು ಟ್ಯಾಂಕಿನ ನಡುವೆ ಬೆಳಕು ಕಾಣುತ್ತಿದೆಯೇ ನೋಡಿ, ಮೊಣಕೈ ಕೋಲಿನಂತೆ ನೆಟ್ಟಗಿದೆಯೇ ನೋಡಿ. ದೇಹ ಸರಿಯುವ ಹೊತ್ತೂ ಮುಖ್ಯ. ಬ್ರೇಕ್ ಹಿಡಿಯುವ ಮೊದಲೇ ಸೊಂಟ ಸರಿದಿರಬೇಕು. ವಾಲಿಸುವ ಕ್ಷಣಕ್ಕೇ ಸೊಂಟವನ್ನೂ ಎಸೆದರೆ ಬೈಕು ಆ ಏಟಿಗೆ ಒಮ್ಮೆ ತೂಗುತ್ತದೆ, ಸ್ಟೆಬಿಲೈಸೇಷನ್ ಆಫ್ ಇದ್ದರೆ ಅದು ನಿಚ್ಚಳವಾಗಿ ಕಾಣುತ್ತದೆ.

ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಆನ್‌ಬೋರ್ಡ್ ವಿಡಿಯೊದಲ್ಲಿ ಎಲ್ಲರೂ ಮರೆಯುವ ಸಂಪತ್ತು ಅದರ ಸದ್ದು. ಎಂಜಿನ್ನಿನ ದನಿ ಇಳಿಯುವುದು, ಗೇರ್ ಇಳಿಸಿದಾಗ ಒಮ್ಮೆ ಏರುವುದು, ಆಮೇಲೆ ಒಂದು ಮೌನದಂಥ ಗಳಿಗೆ, ನಂತರ ಥ್ರಾಟಲ್ ತೆರೆದ ದನಿ. ಆ ಮಧ್ಯದ ಗಳಿಗೆ ಎಷ್ಟು ಉದ್ದ ಎಂಬುದನ್ನು ಎಣಿಸಿ. ಬ್ರೇಕೂ ಇಲ್ಲ, ಥ್ರಾಟಲೂ ಇಲ್ಲ, ಬೈಕು ಸುಮ್ಮನೆ ಉರುಳುತ್ತಿದೆ. ಹೊಸಬರಲ್ಲಿ ಇದು ಒಂದು ಸೆಕೆಂಡನ್ನೂ ಮೀರುವುದುಂಟು. ಹನ್ನೆರಡು ತಿರುವಿನ ಟ್ರ್ಯಾಕಿನಲ್ಲಿ ಅದನ್ನೆಲ್ಲ ಕೂಡಿಸಿ ನೋಡಿದರೆ ಲ್ಯಾಪ್ ಟೈಮಿನ ಗುಟ್ಟು ಬಹಳಷ್ಟು ಅಲ್ಲೇ ಸಿಗುತ್ತದೆ. ಉರುಳಿದ ಹೊತ್ತೆಲ್ಲ ನಷ್ಟವೇ ಎಂದೇನಲ್ಲ, ಆದರೆ ಅಲ್ಲಿ ನೀವು ಏನನ್ನೋ ಕಾಯುತ್ತಿದ್ದಿರಿ ಎಂಬುದು ಖಚಿತ. ಹೆಚ್ಚಾಗಿ ಹೊರದಾರಿ ಕಣ್ಣಿಗೆ ಬೀಳಲಿ ಎಂದು, ಅಂದರೆ ಮತ್ತೆ ನೋಟದ ಪ್ರಶ್ನೆಯೇ. ಇನ್ನೊಂದು ದನಿಯೂ ಇದೆ: ಥ್ರಾಟಲ್ ತೆರೆದು, ಅರೆಕ್ಷಣಕ್ಕೆ ಮುಚ್ಚಿ, ಮತ್ತೆ ತೆರೆಯುವುದು. ಒಳಕ್ಕೆ ಬೇಗ ತಿರುಗಿಸಿದವರ ಗುರುತು ಅದು. ಅಪೆಕ್ಸ್ ಬೇಗ ಮುಟ್ಟಿರುತ್ತಾರೆ, ಥ್ರಾಟಲ್ ತೆರೆದೊಡನೆ ಟ್ರ್ಯಾಕು ಮುಗಿಯುತ್ತಿರುವುದು ಕಾಣುತ್ತದೆ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಬೇರು ಹತ್ತಿಪ್ಪತ್ತು ಮೀಟರ್ ಹಿಂದೆ, ತಿರುಗಿಸಿದ ಜಾಗದಲ್ಲಿದೆ. ಗಾಳಿಯ ಸದ್ದಿನಲ್ಲಿ ಎಂಜಿನ್ ಕೇಳದಿದ್ದರೆ ಕ್ಯಾಮೆರಾದ ಮೈಕಿನ ಮೇಲೆ ಚೂರು ಸ್ಪಂಜು ಅಂಟಿಸಿ. ಎಡಿಟಿಂಗ್ ಆ್ಯಪ್‌ನಲ್ಲಿ ಸದ್ದಿನ ಅಲೆಯ ಚಿತ್ರವನ್ನೇ ನೋಡಿದರೂ ನಡೆಯುತ್ತದೆ.

ಇದಿಷ್ಟು ಆದಮೇಲೆ ಪೆನ್ನು, ಕಾಗದ ತೆಗೆಯಿರಿ. ತಿರುವಿಗೆ ಮೂರು ನಿಂತ ಗುರುತು ಆರಿಸಿಕೊಳ್ಳಿ: ಬ್ರೇಕಿನ ಬೋರ್ಡು, ಒಳಗಿನ ಕರ್ಬಿನ ನಡುಭಾಗ, ಹೊರದಾರಿಯ ಕರ್ಬಿನ ತುದಿ. ಮುಂದಿನ ಚಕ್ರ ಒಂದೊಂದನ್ನೂ ದಾಟುವ ಸಮಯ ಬರೆದುಕೊಳ್ಳಿ. ಲೆಕ್ಕ ತಿಳಿಯಲೆಂದು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಲ್ಯಾಪಿನಲ್ಲಿ ಬೋರ್ಡಿನಿಂದ ಒಳಕರ್ಬಿಗೆ 3.2 ಸೆಕೆಂಡ್, ಅಲ್ಲಿಂದ ಹೊರತುದಿಗೆ 2.9. ಇನ್ನೊಂದರಲ್ಲಿ 3.0 ಮತ್ತು 3.3. ಎರಡನೆಯದು ಮೈ ಜುಮ್ಮೆನ್ನಿಸಿದ ಲ್ಯಾಪ್: ತಡವಾಗಿ ಬ್ರೇಕ್ ಹಿಡಿದು, ನುಗ್ಗಿ, ‘ಭರ್ಜರಿ ಹೊಡೆದೆ’ ಅನ್ನಿಸಿದ್ದು. ಒಟ್ಟು ನೋಡಿದರೆ 6.1ರ ಮುಂದೆ 6.3. ಒಳಹೋಗುವಾಗ ಗಳಿಸಿದ್ದರ ಎರಡರಷ್ಟು ಹೊರಬರುವಾಗ ಕಳೆದಿದೆ. ಸಾಲದ್ದಕ್ಕೆ ಹೊರಬರುವ ವೇಗದ ಕೊರತೆ ಮುಂದಿನ ನೇರದಾರಿಯ ಮೇಲೂ ಬೆನ್ನು ಬಿಡುವುದಿಲ್ಲ. ನೇರದಾರಿಗೆ ತೆರೆದುಕೊಳ್ಳುವ ತಿರುವುಗಳಲ್ಲಿ ಈ ಲೆಕ್ಕವನ್ನು ತಪ್ಪದೆ ಮಾಡಿ. ಮುಂದೆ ನೇರದಾರಿ ಇಲ್ಲದ ತಿರುವುಗಳಲ್ಲಿ ಇದರಿಂದ ಗಳಿಕೆ ಅಷ್ಟಿಲ್ಲ.

ಎರಡು ಲ್ಯಾಪ್ ಹೋಲಿಸುವಾಗ ವಿಡಿಯೊಗಳನ್ನು ಜೋಡಿಸಬೇಕಾದದ್ದು ನಿಂತ ಗುರುತಿನ ಮೇಲೆ. ಎರಡೂ ಬೋರ್ಡಿನ ಬಳಿ ಇರುವ ಫ್ರೇಮಿಗೆ ತಂದು ಒಟ್ಟಿಗೆ ಓಡಿಸಿದರೆ ಯಾವುದು ಎಲ್ಲಿ ಮುಂದಾಯಿತು ಎಂಬುದು ತಾನಾಗಿ ಕಾಣುತ್ತದೆ. ವೇಗದ ಸವಾರರೊಬ್ಬರ ವಿಡಿಯೊ ಸಿಕ್ಕರೆ ಅದನ್ನೂ ಹೀಗೆಯೇ ಇಟ್ಟು ನೋಡಬಹುದು, ಬೈಕು ಒಂದೇ ದರ್ಜೆಯದಾಗಿರಲಿ ಅಷ್ಟೇ. 200 ಕುದುರೆಶಕ್ತಿಯ ಲೀಟರ್ ಬೈಕಿನ ಲೈನನ್ನು 390ರಲ್ಲಿ ನಕಲು ಮಾಡಹೋದರೆ ಕೆಡುತ್ತದೆ. ಅದು ತಿರುವನ್ನು ವಿ ಆಕಾರದಲ್ಲಿ ಮುರಿದು, ಬೇಗ ನೆಟ್ಟಗಾಗಿ, ಎಂಜಿನ್ನಿನ ಬಲದಲ್ಲಿ ಹೊರಡುತ್ತದೆ. ಚಿಕ್ಕ ಬೈಕಿಗೆ ಆ ಬಲವಿಲ್ಲ, ಅದು ದುಂಡಗಿನ ಲೈನಿನಲ್ಲಿ ವೇಗವನ್ನು ಉಳಿಸಿಕೊಂಡೇ ಬದುಕಬೇಕು. ವೇಗದವರ ಹಿಂದೆ ಬೈಕಿನ ಮೇಲೇ ಬೆನ್ನಟ್ಟಿ ಕಲಿಯುವುದಕ್ಕಿಂತ ಪ್ಯಾಡಕ್‌ನಲ್ಲಿ ಕೂತು ಕಲಿಯುವುದು ವಾಸಿ ಎಂದೂ ನನಗನ್ನಿಸುತ್ತದೆ. ಬೆನ್ನಟ್ಟುವಾಗ ಕಣ್ಣು ಅವರ ಬಾಲದ ಮೇಲೆ ನೆಟ್ಟಿರುತ್ತದೆ, ತಿರುವಿನ ಮೇಲಲ್ಲ.

ಇದನ್ನೆಲ್ಲ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿಯಲ್ಲೋ ಘಾಟಿಯಲ್ಲೋ ಮಾಡಲು ಹೊರಡುವವರಿದ್ದಾರೆ. ಸುರಕ್ಷತೆಯ ಮಾತು ಹಾಗಿರಲಿ, ಅಲ್ಲಿ ಲೆಕ್ಕವೇ ಕೂಡುವುದಿಲ್ಲ. ಎದುರಿಗೆ ಬಸ್ಸು ಬರುವ, ಮರಳು ಚೆಲ್ಲಿದ ತಿರುವಿನಲ್ಲಿ ಒಂದು ಸುತ್ತು ಇನ್ನೊಂದರಂತೆ ಇರುವುದಿಲ್ಲ. ಹೋಲಿಕೆಗೆ ಬೇಕಾದದ್ದು ಬದಲಾಗದ ರಸ್ತೆ.

ವಿಡಿಯೊ ಎಲ್ಲಿಗೆ ಮುಗಿಯುತ್ತದೆ ಎಂದೂ ತಿಳಿದಿರಲಿ. ಬ್ರೇಕ್ ಲಿವರಿನ ಮೇಲೆ ಎಷ್ಟು ಒತ್ತಡ ಬಿತ್ತು, ಥ್ರಾಟಲ್ ಶೇ 20 ತೆರೆದಿತ್ತೋ 40 ತೆರೆದಿತ್ತೋ, ಮುಂದಿನ ಟೈರು ಜಾರುವ ಅಂಚಿನಲ್ಲಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ಡೇಟಾ ಲಾಗರ್, ಅಂದರೆ ಬೈಕಿನ ಅಳತೆಗಳನ್ನು ದಾಖಲಿಸುವ ಸಾಧನ, ಬೇಕು. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಜಾಗ ಗುರುತಿಸುತ್ತದೆ. ಗಂಟೆಗೆ 108 ಕಿ.ಮೀ.ನಲ್ಲಿ ಎರಡು ಗುರುತುಗಳ ನಡುವೆ 30 ಮೀಟರ್ ಕತ್ತಲೆ. ಲ್ಯಾಪ್ ಟೈಮಿಗೆ ಸಾಕು, ಒಂದು ತಿರುವಿನ ಒಳಗನ್ನು ನೋಡಲು ಸಾಲದು. ಸೆಕೆಂಡಿಗೆ 10 ಅಥವಾ 25 ಸಲ ಗುರುತಿಸುವ ಚಿಕ್ಕ ಪೆಟ್ಟಿಗೆಗಳು ಸಿಗುತ್ತವೆ. ಅವುಗಳ ವೇಗದ ಗೆರೆಯನ್ನು ವಿಡಿಯೊದ ಕೆಳಗೆ ಓಡಿಸಿದರೆ ‘ಎಷ್ಟು’ ಎಂಬ ಪ್ರಶ್ನೆಗೂ ಒಂದಿಷ್ಟು ಉತ್ತರ ಸಿಗುತ್ತದೆ. ಆದರೆ ಹೊಸಬರು ಅಲ್ಲಿಂದ ಶುರುಮಾಡಬೇಕಿಲ್ಲ. ತಲೆ ಹೊರಳುವ ಫ್ರೇಮೂ ಥ್ರಾಟಲ್ ತೆರೆಯುವ ಫ್ರೇಮೂ ಪ್ರತಿ ಲ್ಯಾಪಿನಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುವವರೆಗೆ ಬಾಲದ ಕ್ಯಾಮೆರಾವೇ ಸಾಕು.

ಸೆಷನ್ನಿಗೆ ಹೊರಡುವ ಮುನ್ನ ಟ್ಯಾಂಕಿನ ಮೇಲೆ ತುಂಡು ಟೇಪ್ ಅಂಟಿಸಿ ಅದರ ಮೇಲೆ ಒಂದೇ ಸಂಗತಿ ಬರೆಯಿರಿ: ‘ಸಿ2 (ಎರಡನೆಯ ತಿರುವು), ತಲೆ ಮೊದಲು’. ಎರಡು ಬರೆದರೆ ಎರಡೂ ಆಗುವುದಿಲ್ಲ. ಆ ಸೆಷನ್ನಿನಲ್ಲಿ ವೇಗ ಏರಿಸಬೇಡಿ, ಸ್ವಲ್ಪ ಇಳಿಸಿಯೇ ಹೋಗಿ, ಇಲ್ಲವಾದರೆ ತಲೆಗೆ ಹೊಸದನ್ನು ಮಾಡಲು ಬಿಡುವಿರುವುದಿಲ್ಲ. ವಾಪಸು ಬಂದು ಅದೇ ತಿರುವಿನ ಅದೇ ಎರಡು ಫ್ರೇಮುಗಳನ್ನು ಎಣಿಸಿ. ಅಂತರ ಬದಲಾಗಿದ್ದರೆ ಟೇಪ್ ಕಿತ್ತು ಇನ್ನೊಂದು ಅಂಟಿಸಿ, ಬದಲಾಗದಿದ್ದರೆ ಅದೇ ಟೇಪ್ ಅಲ್ಲೇ ಇರಲಿ.